ತುಂಬದ ಗುಂಡಿ

ಏಳನೇ ಕಾಲಂ: ಗುಂಡಿ ಕೊನೆಯ ಸಲ ಖಾಲಿ ಮಾಡಿಸಿದ್ದು ಯಾವಾಗ?

ಕಾರಂಜಿಕಟ್ಟೆ, ಹಸಿರು ಗೇಟಿನ ಮನೆ.
ಅಶ್ವತ್ಥರೆಡ್ಡಿಯವರು ಬನಿಯನ್ನಿನಲ್ಲೇ ಎದೆಯುಬ್ಬಿಸಿ,
‘ಇಪ್ಪತ್ತೆರಡು ವರ್ಷ ಆಯ್ತು ಮೇಡಂ,
ಒಂದ್ಸಲಾನೂ ತುಂಬಿಲ್ಲ.
ಕೆಲಸ ಅಂದ್ರೆ ಹಂಗಿರಬೇಕು.’

ತುಂಬಿಲ್ಲ, ಅಂತ ಬರೆದುಕೊಂಡೆ.
ಪಕ್ಕದಲ್ಲಿ ಪೆನ್ಸಿಲಿನಿಂದ
ನನಗೊಬ್ಬಳಿಗೇ ಅರ್ಥವಾಗುವ ಒಂದು ಸೊನ್ನೆ.

ಐದು ಜನ ದಿನಾ ಉಣ್ಣುವ ಮನೆ.
ಇಪ್ಪತ್ತೆರಡು ವರ್ಷದ ಮುದ್ದೆ, ಬಸ್ಸಾರು, ಯುಗಾದಿಯ ಒಬ್ಬಟ್ಟು,
ಎರಡು ಬಾಣಂತನ, ಒಂದು ಟೈಫಾಯ್ಡು,
ದಿನಕ್ಕೆ ಎಷ್ಟೋ ಬಕೆಟ್ಟು, ಎಷ್ಟೋ ಚೊಂಬು.
ಬೆಟ್ಟದ ಮೇಲೆ ಅಂತರಗಂಗೆಯಲ್ಲಿ
ಕಲ್ಲುಬಸವನ ಬಾಯಿಂದ ನೀರು ಬೀಳುತ್ತಲೇ ಇರುತ್ತದೆ,
ಎಲ್ಲಿಂದ ಬಂತು ತಾಯೀ ಅಂತ ಜನ ಕೈ ಮುಗಿಯುತ್ತಾರೆ.
ನನಗೆ ಸಂಬಳ ಕೊಡುವುದು ಇನ್ನೊಂದು ಪ್ರಶ್ನೆಗೆ:
ಎಲ್ಲಿಗೆ ಹೋಯ್ತು?

ಯರ್ರಪ್ಪನಿಗೆ ಗೊತ್ತು.
ಈಗ ಸಕ್ಕಿಂಗ್ ಲಾರಿಯ ಪೈಪು ಹಿಡಿಯುವವನು,
ಲಾರಿ ಬರುವ ಮೊದಲು ಗುಂಡಿ ತೋಡುತ್ತಿದ್ದವನು,
ಈ ಕೋಲಾರವನ್ನು ಕೆಳಗಿನಿಂದ ಓದಿದವನು.
ನಾನು ಅಂಗಡಿಯ ಬೋರ್ಡು ನೋಡಿ ಬೀದಿ ಗುರುತಿಸಿದರೆ
ಅವನು ಚಪ್ಪಡಿ ನೋಡುತ್ತಾನೆ.
‘ಇದು ಹನ್ನೊಂದಡಿ, ಉಂಗುರ ಇಳಿಸಿದ್ದು.
ಇದು ಏಳೇ. ಬಂಡೆ ಸಿಕ್ತು, ಬಿಟ್ವಿ.
ಅದು ಲಾಯರ್ ಮನೇದು, ಮಗೀನ ಬೆಳ್ಳಿ ಉಡಿದಾರ ಒಳಗೇ ಐತೆ,
ಪ್ರತಿ ಸಲ ಪೈಪು ಜಾಡಿಸಿ ನೋಡು ಅಂತಾರೆ.’

ಗಲ್‌ಪೇಟೆಯ ಒಂದು ಮನೆಯ ಮುಂದೆ ಮಾತ್ರ
ಬೀಡಿ ಆರಿಸಿ, ಲಾರಿಯ ಆಚೆ ಮಗ್ಗುಲಿಗೆ ಹೋಗಿ ನಿಲ್ಲುತ್ತಾನೆ.
ಫಾರಂನಲ್ಲಿ ಅದಕ್ಕೆ ಕಾಲಂ ಇಲ್ಲ.
ನಾಲ್ಕು ವರ್ಷವಾಯಿತು, ಕೇಳಿಲ್ಲ ನಾನು.

ಹಸಿರು ಗೇಟಿನೊಳಗೆ ಚಪ್ಪಡಿ ಸರಿಸಿ
ಬಿದಿರು ಗಳ ಇಳಿಸಿದ.
ಗಟ್ಟಿ ನೆಲ ತಾಕಿ ಟಕ್ ಅನ್ನಬೇಕಿತ್ತು.
ಅನ್ನಲಿಲ್ಲ.
ಮೇಲೆತ್ತಿದಾಗ ಕರಿ ಕೆಸರಿನ ಕೆಳಗೆ, ತುದಿಯಲ್ಲಿ,
ಒಂದು ಗೇಣು ಕೆಂಪು ಮಣ್ಣು.

‘ನಾನೇ ತೋಡಿದ್ದು ಮೇಡಂ,’ ದನಿ ತಗ್ಗಿಸಿದ,
‘ತಳಕ್ಕೆ ಅಂತ ನಾಕು ಮೂಟೆ ಸಿಮೆಂಟು ಬಂದಿತ್ತು.’
ಗದ್ದ ಎತ್ತಿ ಗೇಟಿನ ಕಂಬಗಳ ಕಡೆ ತೋರಿಸಿದ.
ಎರಡು ಹಂಸ.
ಕೊರಳು ಬಳುಕಿಸಿಕೊಂಡು, ಈ ವರ್ಷವೂ ಸುಣ್ಣ ಹೊಡೆಸಿಕೊಂಡು.

ಹಾಲನ್ನೂ ನೀರನ್ನೂ ಬೇರೆ ಮಾಡುತ್ತದಂತೆ ಹಂಸ.
ಇವು ಬೀದಿ ನೋಡುತ್ತಿದ್ದವು.
ಇವುಗಳ ಬೆನ್ನ ಹಿಂದೆ, ಗುಂಡಿಗೂ ಬೋರ್‌ವೆಲ್ಲಿಗೂ ನಡುವೆ
ನನ್ನ ಟೇಪು ಹೇಳಿದ್ದು ಹತ್ತೊಂಬತ್ತಡಿ.

ಅಷ್ಟರಲ್ಲಿ ಸುಗುಣಮ್ಮ ನೀರು ತಂದರು.
‘ನಮ್ ಬೋರಿಂದು, ಕುಡೀರಿ, ಬೆಲ್ಲದಂಗೈತೆ,
ಬೀದಿಗೆಲ್ಲಾ ಇಲ್ಲಿಂದಾನೇ ಒಯ್ತಾರೆ.’
ನನಗೆ ಸ್ಟೀಲಿನ ಲೋಟ, ಫಳಫಳ ಬೆಳಗಿದ್ದು.
ಯರ್ರಪ್ಪನಿಗೆ ಪೇಪರ್ ಕಪ್ಪು,
ಅದನ್ನೂ ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟು ಹಿಂದೆ ಸರಿದರು.
ಎರಡರಲ್ಲೂ ಒಂದೇ ನೀರು.

ಅವನು ಕಪ್ಪು ತಗೊಂಡು, ತುಟಿವರೆಗೆ ಒಯ್ದ ಹಾಗೆ ಮಾಡಿ,
ದಾಸವಾಳದ ಬುಡಕ್ಕೆ ಚೆಲ್ಲಿದ.
ನಾನು ಬ್ಯಾಗಿನಿಂದ ಸ್ಯಾಂಪಲ್ ಬಾಟಲಿ ತೆಗೆದು,
ಲೋಟದ ನೀರನ್ನಲ್ಲ, ನಲ್ಲಿಯದನ್ನೇ ಹಿಡಿದು
ಚೀಟಿ ಅಂಟಿಸಿದೆ: ಹನ್ನೊಂದು ಇಪ್ಪತ್ತು, ಬೋರ್, ಮನೆ ಒಳಗೆ.
ಲೋಟ ಹಾಗೇ ತುಂಬಿ ಕೂತಿತ್ತು ಕಟ್ಟೆಯ ಮೇಲೆ.
‘ಯಾಕಮ್ಮಾ, ನಮ್ಮನೇಲಿ ಕುಡಿಯಲ್ವಾ?’
ಅಂದರು ಸುಗುಣಮ್ಮ, ಮುಖ ಸಣ್ಣದು ಮಾಡಿಕೊಂಡು.
ಆ ಪ್ರಶ್ನೆ ನನ್ನ ಅಜ್ಜಿಯ ಕಾಲದಿಂದ ಗೊತ್ತು ನನಗೆ,
ಕೇಳುವ ಕಡೆಯಿಂದ.
ಉತ್ತರಿಸುವ ಕಡೆ ನಿಂತದ್ದು ಇದೇ ಮೊದಲು.
ರಿಪೋರ್ಟು ಬರಲಿ, ಅಂದೆ. ಅಲ್ಲಿವರೆಗೆ ಕಾಯಿಸಿ ಕುಡೀರಿ.

ಸಂಜೆ ಲಾರಿ ನನ್ನನ್ನು ಕೀಲುಕೋಟೆಯಲ್ಲಿ ಇಳಿಸಿತು.
ಬಾಡಿಗೆ ಮನೆ. ಓನರ್ ಒಳ್ಳೆಯವರು,
ಸೇರಿಕೊಂಡ ದಿನವೇ ಹೇಳಿದ್ದರು: ಗುಂಡಿ ತಾಪತ್ರಯ ಇಲ್ಲಮ್ಮ.
ಯರ್ರಪ್ಪ ಕ್ಯಾಬಿನ್ನಿನಿಂದ ಬಗ್ಗಿ
ನಮ್ಮ ಮೆಟ್ಟಿಲ ಪಕ್ಕದ ಚಪ್ಪಡಿ ನೋಡಿದ,
ಹಳೇ ಪರಿಚಯದವರನ್ನು ನೋಡುವ ಹಾಗೆ.

ಎಷ್ಟಡಿ ಅಂತ ಅವನು ಹೇಳಲಿಲ್ಲ.
ನಾನೂ ಕೇಳಲಿಲ್ಲ.